ಬದುವಿನ ಪಕ್ಕದ ಪಟ್ಟೆ

ಹಿರಿಯವಳಿಗೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳಿ ಯಾರಿಗೂ ಉಪಯೋಗವಿಲ್ಲ, ಅವಳೂ ಅದನ್ನು ಮುಚ್ಚಿಟ್ಟವಳಲ್ಲ. ಬೆಳಗ್ಗೆ ಅವಳು ಏಳುವ ಮೊದಲೇ ಅದು ಎದ್ದು ಕೂತಿರುತ್ತಿತ್ತು. ಟೀ ಲೋಟ ಹಿಡಿದು ತಾರಸಿ ಹತ್ತುವಳು. ಅಲ್ಲಿಂದ ಇಳಿಜಾರಿನಲ್ಲಿ ಮೊದಲು ಕಾಣುವುದು ಅವಳದೇ ಹೊಲ. ಅದರ ಕೆಳಗೆ ಬದು. ಬದುವಿನಾಚೆ ವಾರಗಿತ್ತಿಯ ಹೊಲ, ಬದುವಿಗೆ ಆತುಕೊಂಡಂತೆ ವಾರಗಿತ್ತಿಯ ಮನೆ. ಕಣ್ಣಿದ್ದವರು ಮೊದಲು ಹತ್ತಿರದ್ದನ್ನು ನೋಡಬೇಕು ತಾನೆ? ಹಿರಿಯವಳ ಕಣ್ಣು ಮಾತ್ರ ತನ್ನ ಹೊಲವನ್ನು ಹಾರಿ, ಬದು ದಾಟಿ, ಆಚೆ ಹೋಗಿಯೇ ನಿಲ್ಲುತ್ತಿತ್ತು. ಅಲ್ಲಿ ಹಸಿರು ಕಂಡರೆ ಆ ದಿನದ ಟೀ ಕಹಿ.

ಹೊಲ ಪಾಲಾದಾಗ ಮಾವನವರು ದೊಡ್ಡ ಸೊಸೆ ಎಂಬ ಮರ್ಯಾದೆಗೆ ಅವಳನ್ನೇ ಮೊದಲು ಕೇಳಿದ್ದರು: ಮೇಲಿನದು ಬೇಕೋ, ಕೆಳಗಿನದು ಬೇಕೋ? ಅವಳು ಒಂದು ಗಳಿಗೆಯೂ ಯೋಚಿಸದೆ ಮೇಲಿನದು ಎಂದಿದ್ದಳು. ಕಾಲುವೆಯ ನೀರು ಮೇಲಿನಿಂದ ಬರುತ್ತದೆ. ಮೊದಲು ತನ್ನ ಹೊಲ ಕುಡಿಯಬೇಕು, ಕುಡಿದು ಬಿಟ್ಟದ್ದು ಕಿರಿಯವಳಿಗೆ ಹೋಗಬೇಕು. ಅಷ್ಟೇ ಅವಳ ಲೆಕ್ಕಾಚಾರ. ಕಿರಿಯವಳು ಆಗಿನ್ನೂ ಹೊಸ ಸೊಸೆ, ತುಟಿ ಪಿಟಕ್ಕೆನ್ನದೆ ಕೆಳಗಿನ ಪಾಲು ತೆಗೆದುಕೊಂಡಳು. ಜಗಳ ಆಡಿದ್ದರೆ ಹಿರಿಯವಳಿಗೆ ಸಮಾಧಾನವಾಗುತ್ತಿತ್ತೇನೋ. ಆಡಲಿಲ್ಲವಲ್ಲ, ಅದೇ ಒಂದು ಮುಳ್ಳಾಗಿ ಉಳಿಯಿತು.

ಗಂಡಂದಿರಿಬ್ಬರಿಗೂ ಹೊಲದ ಗೊಡವೆ ಇರಲಿಲ್ಲ. ಅಣ್ಣ ತಮ್ಮ ಇಬ್ಬರೂ ಬಡಗಿಗಳು. ಪೇಟೆಯಲ್ಲಿ ಒಂದೇ ಅಂಗಡಿ, ಒಂದೇ ಗರಗಸ, ಮಧ್ಯಾಹ್ನ ಎರಡು ಮನೆಯ ಡಬ್ಬಿಗಳನ್ನೂ ಬಿಚ್ಚಿ ಹಂಚಿಕೊಂಡು ತಿನ್ನುತ್ತಿದ್ದರು. ಆದರೆ ಸಂಜೆ ಮನೆಗೆ ಬಂದವರು ಯಾರ ಡಬ್ಬಿಯಲ್ಲಿ ಏನಿತ್ತು, ಯಾವುದು ರುಚಿಯಾಗಿತ್ತು ಎಂದು ಅಪ್ಪಿತಪ್ಪಿಯೂ ಬಾಯಿ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷದ ಸಂಸಾರ ಅಷ್ಟು ಬುದ್ಧಿಯನ್ನಾದರೂ ಕಲಿಸಿತ್ತು.

ಇನ್ನು ಟೊಮೆಟೊ ಸಮಾಚಾರ. ಒಂದು ವರ್ಷ ಊರಿಗೆಲ್ಲ ಟೊಮೆಟೊ ಕೈಕೊಟ್ಟು, ಹಿರಿಯವಳ ಹೊಲದಲ್ಲಿ ಮಾತ್ರ ಗಿಡ ಬಾಗುವಷ್ಟು ಹಣ್ಣು ಬಂತು. ವ್ಯಾಪಾರಿಗಳು ಮನೆ ಬಾಗಿಲಿಗೇ ಬಂದು ನಿಂತರು. ಆ ದುಡ್ಡಿನಲ್ಲೇ ಅವಳು ಮೇಲೊಂದು ಕೋಣೆ ಕಟ್ಟಿಸಿ, ತಾರಸಿಗೆ ಮೆಟ್ಟಿಲು ಹಾಕಿಸಿದ್ದು. ಗೃಹಪ್ರವೇಶದ ದಿನ ಕಿರಿಯವಳು ಬಂದು ಕೋಣೆಯ ಗೋಡೆಯನ್ನು ಅಂಗೈಯಿಂದ ಸವರಿ, ಚೆನ್ನಾಗಿದೆ ಅಕ್ಕ ಎಂದಳು. ಅವಳ ಕಣ್ಣಲ್ಲಿ ಆಗ ಏನೋ ಒಂದು ಮಿಂಚಿ ಹೋಯಿತು. ಹಿರಿಯವಳು ಅದನ್ನು ಕಂಡಳು, ಕಂಡು ಕುಣಿದಾಡುವಷ್ಟು ಹಿಗ್ಗಿದಳು. ಅಂದಿನಿಂದ ಟೊಮೆಟೊ ಅವಳಿಗೆ ಬರೀ ಬೆಳೆಯಾಗಿ ಉಳಿಯಲಿಲ್ಲ, ಅದು ಅವಳ ಗೆಲುವಾಯಿತು. ಆ ಹಂಗಾಮೂ ಟೊಮೆಟೊ, ಮುಂದಿನದೂ ಟೊಮೆಟೊ, ಅದರ ಮುಂದಿನದೂ ಅದೇ. ಬೇರೆ ಹಾಕಿದರೆ ಸೋತಂತೆ.

ಕೆಳಗಿನ ಹೊಲದಲ್ಲಿ ಹಾಗಲ್ಲ. ಕಿರಿಯವಳು ಒಂದು ಸಲ ಮೆಕ್ಕೆಜೋಳ ಹಾಕುವಳು. ಅದನ್ನು ಕೊಯ್ದು ಅಲಸಂದೆ ಹಾಕುವಳು. ಆಮೇಲೆ ಎಲೆಕೋಸು, ಅದಾದ ಮೇಲೆ ಹುರುಳಿಕಾಯಿ, ಎಲ್ಲೋ ಒಂದು ಸಲ ಟೊಮೆಟೊ, ಮತ್ತೆ ಜೋಳ. ಹಿರಿಯವಳಿಗೆ ಇದು ಹುಚ್ಚಾಟವಾಗಿ ಕಂಡಿತ್ತು. ಒಂದರಲ್ಲೂ ನಿಲ್ಲದವಳು ಎಂದು ಮೂಗು ಮುರಿಯುತ್ತಿದ್ದಳು. ಆದರೆ ಹುಚ್ಚಾಟ ಮಾಡಿದವಳ ಮನೆಗೆ ಒಂದು ವರ್ಷ ಹೊಸ ಮೋಟರ್ ಬಂತು, ಮರು ವರ್ಷ ಸೋರುವ ಹೆಂಚು ತೆಗೆದು ಗಟ್ಟಿ ಚಾವಣಿ ಬಂತು. ಒಂದೇ ಸಲಕ್ಕೆ ಧಾಂ ಧೂಂ ಎಂದು ಯಾವುದೂ ಬರುತ್ತಿರಲಿಲ್ಲ, ಸದ್ದಿಲ್ಲದೆ ಬರುತ್ತಿತ್ತು. ಕೋಸಿನ ಬೆಲೆ ಬಿದ್ದ ವರ್ಷವೂ ಹುರುಳಿಕಾಯಿ ಅವಳ ಕೈ ಹಿಡಿಯಿತು. ಹಿರಿಯವಳಿಗೆ ಟೊಮೆಟೊ ಬೆಲೆ ಬಿದ್ದರೆ ಹಿಡಿದುಕೊಳ್ಳಲು ಬೇರೆ ಕೈಯೇ ಇರಲಿಲ್ಲ. ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದು, ಮುಸುಕೆಳೆದು ಮಲಗಿಬಿಡುತ್ತಿದ್ದಳು.

ಹಾಗಂತ ಅವಳಿಗೆ ಮರ್ಯಾದೆ ಸಿಗುವ ಜಾಗ ಇರಲಿಲ್ಲವೆಂದಲ್ಲ. ಗೊಬ್ಬರದಂಗಡಿಯವನು ಅವಳನ್ನು ಕಂಡ ಕೂಡಲೇ ಎದ್ದು, ಕುರ್ಚಿಯ ಧೂಳು ಹೊಡೆದು, ಬನ್ನಿ ತಾಯಿ ಕೂತ್ಕೊಳ್ಳಿ ಎನ್ನುತ್ತಿದ್ದ. ಯೂರಿಯಾ ಹೋದ ಸಲಕ್ಕಿಂತ ಒಂದು ಚೀಲ ಹೆಚ್ಚು, ಎಲೆ ಮುರುಟಿದರೆ ಒಂದು ಔಷಧಿ, ಬುಡ ಕೊಳೆತರೆ ಇನ್ನೊಂದು, ಯಾವುದಕ್ಕೂ ಬಗ್ಗದಿದ್ದರೆ ಹೊಸದಾಗಿ ಬಂದದ್ದು ಮತ್ತೊಂದು. ಕಿರಿಯವಳು ಅದೇ ಅಂಗಡಿಗೆ ಬಂದರೆ ಅವನು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಅವಳು ತೆಗೆದುಕೊಳ್ಳುತ್ತಿದ್ದುದು ಅಷ್ಟಕ್ಕಷ್ಟೆ, ನಿಂತೇ ತೆಗೆದುಕೊಂಡು ಹೋಗುತ್ತಿದ್ದಳು. ತಾನು ಕೂತಿರುವಾಗ ಅವಳು ನಿಂತಿರುವುದನ್ನು ನೋಡುವುದೆಂದರೆ ಹಿರಿಯವಳಿಗೆ ಎಲ್ಲಿಲ್ಲದ ಸುಖ. ಆ ಕುರ್ಚಿಗೆ ತಾನೇ ಬಾಡಿಗೆ ಕಟ್ಟುತ್ತಿದ್ದೇನೆ ಎಂದು ಪಾಪ, ಅವಳಿಗೆ ಹೊಳೆಯಲೇ ಇಲ್ಲ.

ಒಂದು ಮಧ್ಯಾಹ್ನವಂತೂ ಅವಳು ಮಾಡಿದ ಕೆಲಸ ಕೇಳಬೇಕು. ಕಿರಿಯವಳು ಊರಿನಲ್ಲಿಲ್ಲದ್ದು ನೋಡಿಕೊಂಡು ಬದು ದಾಟಿದಳು. ಅಲಸಂದೆ ಮಂಡಿಯೆತ್ತರ ನಿಂತಿತ್ತು. ಇಷ್ಟು ಕಡಿಮೆ ಗೊಬ್ಬರದಲ್ಲಿ ಹೀಗೆ ಹೇಗೆ ಬಂತು ಎಂದು ಒಂದು ಗಿಡ ಕಿತ್ತು ನೋಡಿದಳು. ಬೇರಿನ ತುಂಬ ಸಣ್ಣ ಸಣ್ಣ ಗಂಟು! ಟೊಮೆಟೊ ಬೆಳೆದವಳಿಗೆ ಬೇರಿನ ಗಂಟು ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಅದು ಗಂಟು ರೋಗ, ಅದು ಬಂದರೆ ಹೊಲ ಮುಗಿಯಿತು. ಅವಳು ಗಿಡವನ್ನು ಮತ್ತೆ ಮಣ್ಣಿಗೆ ಸಿಕ್ಕಿಸಿ, ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮನೆಗೆ ಓಡಿ ಬಂದಳು. ಅಂದು ಗಂಡನಿಗೆ ಎರಡು ಸಲ ಟೀ ಮಾಡಿಕೊಟ್ಟಳು. ಆಮೇಲೆ ದಿನವೂ ತಾರಸಿ ಹತ್ತಿ ಕಾದಳು, ಇವತ್ತು ಬಾಡುತ್ತದೆ, ನಾಳೆ ಬಾಡುತ್ತದೆ ಎಂದು. ಅಲಸಂದೆ ಬಾಡಲಿಲ್ಲ. ಕಾಯಿ ಬಿಟ್ಟಿತು. ಅದರ ಹಿಂದೆ ಹಾಕಿದ ಕೋಸು ಗೊಬ್ಬರ ಕೇಳದೆ ಉಬ್ಬಿ ಕೂತಿತು. ಈ ಹೆಂಗಸಿಗೆ ರೋಗವೂ ಹೊಂದಿಕೊಂಡು ಹೋಗುತ್ತದಲ್ಲಪ್ಪ ಎಂದು ಹಿರಿಯವಳು ಹಲ್ಲು ಕಡಿದಳು.

ಮೇಲಿನ ಹೊಲ ಅಷ್ಟರಲ್ಲಿ ಸೊರಗುತ್ತಿತ್ತು. ಮಣ್ಣು ಹೆಂಟೆ ಕಟ್ಟಿ ಗುದ್ದಲಿಗೆ ಬಗ್ಗುತ್ತಿರಲಿಲ್ಲ. ನೀರು ಬಿಟ್ಟರೆ ಒಳಗಿಳಿಯದೆ ಮೇಲೆಯೇ ಹರಿದು ಹೋಗುತ್ತಿತ್ತು. ಈ ವರ್ಷ ನಾಟಿ ಮಾಡಿದ ಟೊಮೆಟೊ ಹೂ ಬಿಡುವ ಹೊತ್ತಿಗೆ ತಲೆ ಬಗ್ಗಿಸಿತು. ಬೆಳಗ್ಗೆ ನಿಂತಿದ್ದ ಗಿಡ ಸಂಜೆಗೆ ಜೋಲು, ಎರಡು ದಿನಕ್ಕೆ ಕಡ್ಡಿ. ಅಂಗಡಿಯವನು ಕೊಟ್ಟ ಔಷಧಿಯನ್ನೆಲ್ಲ ಹೊಡೆದದ್ದಾಯಿತು. ಹೊಲದ ಒಂದು ತುದಿಯಿಂದ ಹಿಡಿದ ಸೊರಗು ಸಾಲು ಸಾಲನ್ನೇ ನುಂಗುತ್ತ ಇಳಿಜಾರಿನಲ್ಲಿ ಇಳಿಯಿತು. ಇಳಿದು, ಬದುವಿನ ಪಕ್ಕದ ಪಟ್ಟೆಗೆ ಬಂದು ನಿಂತಿತು.

ಆ ಪಟ್ಟೆಯ ಕತೆ ಇಷ್ಟೆ. ಹೊಲದ ಕೆಳತುದಿಯ ಆ ಕಿರಿದಾದ ಉದ್ದನೆಯ ಜಾಗವನ್ನು ಅವಳು ಹಸುವಿಗೆಂದು ಬಿಟ್ಟಿದ್ದಳು. ಒಂದು ಸಲ ಮೇವಿನ ಜೋಳ, ಇನ್ನೊಂದು ಸಲ ಮೇವಿನ ಅಲಸಂದೆ, ಹೀಗೆ ಏನೋ ಒಂದು ಎರಚುವುದು, ಬೆಳೆದಷ್ಟು ಕೊಯ್ದು ಹಸುವಿನ ಮುಂದೆ ಹಾಕುವುದು. ಅದನ್ನು ಅವಳು ಬೇಸಾಯ ಎಂದು ಎಣಿಸಿಯೇ ಇರಲಿಲ್ಲ. ಹಸು ಮುದಿಯಾಗಿ ಸತ್ತ ಮೇಲೆ ಮೇವು ಯಾರಿಗೆ ಎಂದು ಈ ವರ್ಷ ಅಲ್ಲಿಗೂ ಟೊಮೆಟೊ ಇಳಿಸಿದ್ದಳು. ಅಲ್ಲಿನ ಗಿಡಗಳು ಮಾತ್ರ ಏನೂ ಆಗದವರಂತೆ ನಿಂತಿದ್ದವು. ಕಡು ಹಸಿರು ಎಲೆ, ಗೊಂಚಲು ಗೊಂಚಲು ಕಾಯಿ.

ಹಿರಿಯವಳು ಅದನ್ನು ನೋಡಿರಲಿಲ್ಲವೇ? ನೋಡಿದ್ದಳು. ನೋಡಿ ಇನ್ನಷ್ಟು ಉರಿದಿದ್ದಳು. ತನ್ನ ಹೊಲದಲ್ಲಿ ಚೆನ್ನಾಗಿರುವುದು ವಾರಗಿತ್ತಿಯ ಬದುವಿನ ಪಕ್ಕದ್ದು ಮಾತ್ರ! ಅಂದರೆ ಅವಳ ಹೊಲದ ಸಾರ, ಅವಳ ಗೊಬ್ಬರ, ಅವಳ ಅದೃಷ್ಟ ಬದುವಿನಡಿಯಿಂದ ತನ್ನ ಕಡೆಗೆ ಜಿನುಗಿದೆ. ತನ್ನ ಮಣ್ಣಿನ ಯೋಗ್ಯತೆ ಇಷ್ಟೇ. ಮಾವನವರು ಅವಳಿಗೆ ಚಿನ್ನ ಕೊಟ್ಟು ತನಗೆ ಕಲ್ಲು ಕೊಟ್ಟರು. ಮೇಲಿನದು ಬೇಕೆಂದು ಆರಿಸಿಕೊಂಡವಳು ತಾನೇ ಎಂಬುದು ಆ ಹೊತ್ತಿಗೆ ಅವಳ ನೆನಪಿನಲ್ಲೇ ಇರಲಿಲ್ಲ. ಆ ಪಟ್ಟೆಯ ಹಣ್ಣನ್ನು ಬಿಡಿಸುವಾಗ ಯಾರದೋ ಮನೆಯ ಎಂಜಲು ಮುಟ್ಟುವವಳಂತೆ ಬಿಡಿಸುತ್ತಿದ್ದಳು.

ಇಂಥ ಹೊತ್ತಿನಲ್ಲಿ ಇಟ್ಟಿಗೆ ಗೂಡಿನವನು ಬಂದ. ಮಣ್ಣು ಕೊಟ್ಟುಬಿಡಿ ಎಂದ. ಒಬ್ಬ ಆಳು ನಿಂತರೆ ಮುಳುಗುವಷ್ಟು ಆಳ ತೆಗೆಯುತ್ತಾನಂತೆ, ಮೇಲಿನ ಒಳ್ಳೇ ಮಣ್ಣೆಲ್ಲ ಇಟ್ಟಿಗೆಗೆ. ಆಮೇಲೆ ಗುಂಡಿ ಅವಳದೇ, ಏನಾದರೂ ಮಾಡಿಕೊಳ್ಳಬಹುದು. ಅವನು ಹೇಳಿದ ದುಡ್ಡು ದೊಡ್ಡದೇ. ಅದು ಬಂದರೆ ಮೇಲೆ ಇನ್ನೊಂದು ಕೋಣೆ ಎಬ್ಬಿಸಬಹುದು, ಹೊಲದ ಸಹವಾಸವೇ ಬೇಡ, ಬದುವಿನಾಚೆ ನೋಡುವ ಕರ್ಮವೂ ಇಲ್ಲ. ಹಿರಿಯವಳು ಅರ್ಧ ಮನಸ್ಸಿನಲ್ಲೇ ಹೂಂ ಎಂದಳು. ಒಂದೇ ತೊಡಕು. ಅವಳ ಮನೆಯ ಕಡೆಯಿಂದ ಲಾರಿ ಬರುವ ಹಾಗಿಲ್ಲ, ಸಂದಿ ಕಿರಿದು. ಕೆಳಗಿನ ರಸ್ತೆಯಿಂದ ಕಿರಿಯವಳ ಹೊಲದ ಅಂಚಿನಲ್ಲಿ ಹಾದು ಬರಬೇಕು. ಅವರನ್ನೊಂದು ಮಾತು ಕೇಳಿ, ನಾಳೆ ನಾನು ಲಾರಿ ತಂದು ಕೆಳಗಿನ ರಸ್ತೆಯಲ್ಲಿ ಕಾಯ್ತಿರ್ತೀನಿ ಎಂದ ಅವನು.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನ ಕಿವಿಗೆ ಈ ವಿಷಯ ಹಾಕಿದಳು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಮರ ಕಡಿದ್ರೆ ಇನ್ನೊಂದು ನೆಡ್ತೀವಿ," ಎಂದ. "ಮಣ್ಣು ತೆಗೆದ್ರೆ ಏನು ನೆಡೋದು? ನೋಡು, ಹೊಲ ನಿಂದು, ನಾನು ಮಧ್ಯೆ ಬರಲ್ಲ."

ಮಧ್ಯೆ ಬಂದಿದ್ದರೆ ಅವಳಿಗೆ ಜಗಳವಾಡಲು ಒಬ್ಬರಾದರೂ ಸಿಗುತ್ತಿದ್ದರು.

ಮರುದಿನ ಅವಳು ಬದು ದಾಟಿ ಹೋದಳು. ವಾರಗಿತ್ತಿಯ ಮನೆಯೊಳಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಏನಾದರೂ ಹೇಳುವುದಿದ್ದರೆ ಬದುವಿನ ಮೇಲೆ ನಿಂತು ಕೂಗುವುದು, ಅಷ್ಟೆ. ಕಿರಿಯವಳು ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು. ಬಾಗಿಲಲ್ಲಿ ಹಿರಿಯವಳನ್ನು ಕಂಡು ಗಾಬರಿಯಿಂದ ಎದ್ದಳು, ಯಾರಿಗೇನಾಯಿತೋ ಎಂದು. ಏನೂ ಆಗಿಲ್ಲವೆಂದು ತಿಳಿದ ಮೇಲೆ ಒಂದು ಸ್ಟೂಲು ಎಳೆದು ಹಾಕಿದಳು. ಹಿರಿಯವಳು ಕೂರಲಿಲ್ಲ. ಹೊಸ ಚಾವಣಿ ನೋಡಿದಳು, ಫಳಫಳ ಹೊಳೆಯುವ ಪಾತ್ರೆ ನೋಡಿದಳು. ನಿಂತಲ್ಲಿಂದಲೇ ಇಟ್ಟಿಗೆ ಗೂಡಿನವನ ವಿಷಯ ಹೇಳಿದಳು, ದಾರಿಯ ವಿಷಯ ಹೇಳಿದಳು. ಕೇಳುವ ಹಾಗೆ ಕೇಳಲಿಲ್ಲ, ಸಾಲ ವಸೂಲಿಗೆ ಬಂದವಳ ಹಾಗೆ ಹೇಳಿದಳು.

ಕಿರಿಯವಳ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

"ಎಲ್ಲಾನೂ ಕೊಡ್ತೀರಾ ಅಕ್ಕ? ಪೂರ್ತಿ ಹೊಲ?"

"ಇಟ್ಕೊಂಡು ಏನ್ ಮಾಡ್ಲಿ? ಸತ್ತ ಮಣ್ಣು ಅದು. ನಿನಗೇನು, ಒಳ್ಳೇದು ಸಿಕ್ತು, ಕೂತು ಉಣ್ತಿದ್ದೀಯ."

ಕಿರಿಯವಳು ಕಾಯಿಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡಳು. "ದಾರಿ ಬೇಕಾದ್ರೆ ಕೊಡ್ತೀನಿ," ಎಂದಳು. "ಇಲ್ಲ ಅನ್ನೋಕೆ ನಾನ್ಯಾರು? ಹೊಲ ನಿಮ್ದು. ಆದ್ರೆ ಒಂದ್ಸಲ ಇಲ್ಲಿ ಬನ್ನಿ."

ಒಲೆಯ ಪಕ್ಕದ ಕಿಟಕಿಗೆ ಕರೆದಳು. ಹಿರಿಯವಳು ಒಲ್ಲದ ಮನಸ್ಸಿನಿಂದ ಹೋಗಿ ನಿಂತಳು. ಕಿಟಕಿಯ ತುಂಬ ಅವಳದೇ ಹೊಲದ ಆ ಪಟ್ಟೆ. ಮೇಲಿನ ಒಣಗಿದ ಸಾಲುಗಳು ಇಲ್ಲಿಂದ ಕಾಣುವುದೇ ಇಲ್ಲ, ಬದುವಿನ ಮೇಲೆ ಕಾಣುವುದು ಹಸಿರು, ಹಸಿರಿನಲ್ಲಿ ಕೆಂಪು, ಅಷ್ಟೇ. ಯಾರದಪ್ಪ ಇಷ್ಟು ಚೆಂದದ ಹೊಲ ಎಂದು ಒಂದು ಗಳಿಗೆ ಅವಳಿಗೇ ಹೊಟ್ಟೆಕಿಚ್ಚಾಯಿತು.

"ಅದು ನಿಂದೇ ಸಾರ," ಎಂದಳು ಒರಟಾಗಿ. "ನಿನ್ನ ಹೊಲದ್ದು ನನ್ನ ಕಡೆ ಇಳಿದು ಬಂದಿದೆ. ಅದ್ಕೇ ಅಲ್ಲಿ ಮಾತ್ರ ಹಾಗಿದೆ. ನಂಗೊತ್ತಿಲ್ವಾ?"

ಕಿರಿಯವಳು ಅವಳ ಮುಖವನ್ನೇ ನೋಡಿದಳು, ತಮಾಷೆ ಮಾಡುತ್ತಿದ್ದಾಳೋ ಏನೋ ಎಂದು. ತಮಾಷೆಯಲ್ಲ ಎಂದು ತಿಳಿದ ಮೇಲೆ ಮೆಲ್ಲಗೆ ಹೇಳಿದಳು.

"ಅಕ್ಕ, ನಿಮ್ಮ ಹೊಲ ಮೇಲಿದೆ. ನಂದು ಕೆಳಗಿದೆ. ಕೆಳಗಿಂದ ಮೇಲಕ್ಕೆ ಹೇಗೆ ಇಳಿಯುತ್ತೆ?"

ಹಿರಿಯವಳು ಕಿಟಕಿಯಿಂದಾಚೆ ಇಳಿಜಾರು ನೋಡಿದಳು, ತಾನೇ ಆರಿಸಿಕೊಂಡ ಇಳಿಜಾರು. ನೀರು ಮೊದಲು ನನಗೆ, ಆಮೇಲೆ ಅವಳಿಗೆ ಎಂದು ಮಾವನವರ ಮುಂದೆ ಎದೆಯುಬ್ಬಿಸಿ ನಿಂತಿದ್ದು ಈಗ ನೆನಪಾಯಿತು. ಇಷ್ಟು ದಿನ ಹೊಟ್ಟೆಯುರಿಯಲ್ಲಿ ನೀರನ್ನೇ ಬೆಟ್ಟ ಹತ್ತಿಸಿದ್ದಳಲ್ಲ. ನಾಚಿಕೆ ಕಿವಿಯವರೆಗೆ ಏರಿತು.

"ಮತ್ತೆ ಅಲ್ಲಿ ಯಾಕೆ ಹಾಗಿದೆ?"

"ಅಲ್ಲಿ ನೀವು ಹಸುಗೆ ಅಂತ ಬದಲಾಯಿಸಿ ಬದಲಾಯಿಸಿ ಹಾಕ್ತಿದ್ರಿ. ಜೋಳ, ಅಲಸಂದೆ, ಮತ್ತೆ ಜೋಳ. ಮೇಲ್ಗಡೆ ಒಂದೇ ಸಮ ಟೊಮೆಟೊ. ಒಂದೇ ಬೆಳೆ ಹಾಕ್ತಿದ್ರೆ ರೋಗಕ್ಕೆ ಮನೆ ವಿಳಾಸ ಗೊತ್ತಾಗಿಬಿಡುತ್ತೆ ಅಕ್ಕ, ಸಂಸಾರ ಸಮೇತ ಬಂದು ಕೂತ್ಕೊಳ್ಳುತ್ತೆ. ಬದಲಾಯಿಸಿದ್ರೆ ಬರುತ್ತೆ, ತಿನ್ನೋಕೆ ಏನೂ ಸಿಗಲ್ಲ, ಹೊರಟು ಹೋಗುತ್ತೆ. ನಾನೂ ಮೊದಮೊದಲು ಬರೀ ಕೋಸು ಹಾಕಿ ಕೈ ಸುಟ್ಕೊಂಡಿದ್ದೆ. ನೀವು ಆಗ ತವರಿಗೆ ಹೋಗಿದ್ರಿ, ನೋಡ್ಲಿಲ್ಲ."

ನೋಡಬೇಕಾದ ಒಂದೇ ಒಂದನ್ನು ನೋಡದೆ ತಪ್ಪಿಸಿಕೊಂಡೆನಲ್ಲ ಎಂದು ಹಿರಿಯವಳಿಗೆ ಆ ಗಳಿಗೆಯಲ್ಲೂ ಅನಿಸಿತು.

ಕಿರಿಯವಳು ತುಟಿಯಂಚಿನಲ್ಲಿ ನಗುತ್ತ ಇನ್ನೊಂದು ಮಾತು ತೆಗೆದಳು. ಆವತ್ತು ಅಲಸಂದೆ ಗಿಡವೊಂದನ್ನು ಯಾರೋ ಕಿತ್ತು, ತಲೆ ವಾರೆಯಾಗಿ ನೆಟ್ಟು ಹೋಗಿದ್ದರಂತೆ. ಬೇರಿನ ಗಂಟು ನೋಡಿ ಅವರು ರೋಗ ಅಂದುಕೊಂಡರೇನೋ ಪಾಪ. ಟೊಮೆಟೊ ಬೇರಿಗೆ ಗಂಟು ಬಂದರೆ ರೋಗವೇ ಹೌದು. ಅಲಸಂದೆಯ ಗಂಟು ಬೇರೆ, ಗಾಳಿಯಲ್ಲಿರುವ ಸತ್ವವನ್ನು ಎಳೆದು ಬೇರಿನಲ್ಲಿ ಕಟ್ಟಿಟ್ಟುಕೊಳ್ಳುವ ಗಂಟು ಅದು. ಅಂಗಡಿಯಿಂದ ಯೂರಿಯಾ ಚೀಲ ಹೊತ್ತು ತರುವ ಕೆಲಸವನ್ನು ಅದೇ ಅರ್ಧ ಮಾಡಿಬಿಡುತ್ತದೆ. ಬೇರನ್ನು ಮಣ್ಣಲ್ಲೇ ಬಿಟ್ಟರೆ ಮುಂದಿನ ಬೆಳೆ ಅದನ್ನು ತಿಂದು ಬೆಳೆಯುತ್ತದೆ. ಹಸುವಿಗೆಂದು ಮೇಲಿನ ಸೊಪ್ಪು ಕೊಯ್ದವರು ಬೇರನ್ನು ಅಲ್ಲೇ ಬಿಟ್ಟಿದ್ದರಲ್ಲ, ಅದೇ ಒಳ್ಳೆಯದಾಯಿತು. ಯಾರು ಕಿತ್ತದ್ದು ಎಂದು ಅವಳು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹಿರಿಯವಳು ಸ್ಟೂಲು ಎಳೆದುಕೊಂಡು ಕೂತಳು.

"ಇಷ್ಟೆಲ್ಲ ಗೊತ್ತಿದ್ದೂ ನಂಗ್ಯಾಕೆ ಹೇಳ್ಲಿಲ್ಲ?"

ಕಿರಿಯವಳು ಕಿಟಕಿಯತ್ತ ತಿರುಗಿ ನಿಂತಳು.

"ಹೇಳ್ಬಾರ್ದು ಅಂತಾನೇ ಇದ್ದೆ. ಹೊಟ್ಟೆಕಿಚ್ಚು ಅಕ್ಕ. ನೀವು ಕೋಣೆ ಕಟ್ಸಿದ್ರಲ್ಲ, ಆವತ್ತಿಂದ. ಈಗ ಈ ಪಟ್ಟೆ ಬೇರೆ. ಒಲೆ ಮುಂದೆ ನಿಂತಾಗೆಲ್ಲ ಕಣ್ಣಿಗೆ ಬೀಳುತ್ತೆ. ನನ್ನ ಹೊಲದಲ್ಲಿ ಯಾವತ್ತೂ ಇಂಥ ಟೊಮೆಟೊ ಬಂದಿಲ್ಲ, ಗೊತ್ತಾ? ನೀರು ಮೊದಲು ನಿಮಗೆ, ಬಿಸಿಲು ಮೊದಲು ನಿಮಗೆ. ನೋಡಿ ನೋಡಿ ಉರೀತಿರ್ತೀನಿ. ಎಷ್ಟು ಸಲ ಒಲೆ ಮೇಲಿದ್ದ ಹಾಲು ಉಕ್ಕಿಸಿದ್ದೀನೋ."

ಇಪ್ಪತ್ತು ವರ್ಷ ಹಿರಿಯವಳು ಕಿವಿಯಾರೆ ಕೇಳಬೇಕೆಂದು ಹಂಬಲಿಸಿದ್ದ ಮಾತು ಇದೇ. ಇದಕ್ಕಾಗಿ ಕೋಣೆ ಕಟ್ಟಿಸಿದ್ದಳು, ಇದಕ್ಕಾಗಿ ಟೊಮೆಟೊ ಬಿಟ್ಟು ಬೇರೆ ಮುಟ್ಟಿರಲಿಲ್ಲ. ಕೇಳಿದಾಗ ಕುಣಿಯಬೇಕಿತ್ತು. ಕುಣಿಯಲಿಲ್ಲ. ಕಣ್ಣು ತುಂಬಿತು. ಹಾಗಂತ ಪೂರ್ತಿ ಬದಲಾಗಿಬಿಟ್ಟಳೇ? ಅಷ್ಟು ಸುಲಭವೇ?

"ಇನ್ನೊಂದ್ಸಲ ಹೇಳು," ಎಂದಳು.

"ಏನ್ನ?"

"ನಿನ್ನ ಟೊಮೆಟೊ ಇಷ್ಟು ಚೆನ್ನಾಗಿ ಬಂದಿಲ್ಲ ಅಂದ್ಯಲ್ಲ, ಅದನ್ನ."

ಕಿರಿಯವಳು ಹೇಳಿದಳು. ಆಮೇಲೆ ಇಬ್ಬರೂ ನಕ್ಕರು. ನಗು ಅಳುವಿನ ತೀರ ಹತ್ತಿರಕ್ಕೆ ಹೋಗಿ ಬಂತು. ಅಷ್ಟರಲ್ಲಿ ಕೆಳಗಿನ ರಸ್ತೆಯಲ್ಲಿ ಲಾರಿ ಹಾರ್ನ್ ಕೇಳಿಸಿತು. ಹಿರಿಯವಳು ಎದ್ದು, ಮೂಗು ಒರೆಸಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ, ಅಲಸಂದೆ ಬೀಜ ಇದೆಯಾ ಎಂದು ಕೇಳಿದಳು. ಹೊಲದ ತುಂಬ ಹಾಕುವಷ್ಟು ಬೇಕು, ಹುಳ ಹಿಡಿದದ್ದನ್ನು ಆರಿಸಿ ತೆಗೆದು ಕೊಡು, ನಿನ್ನ ಮೇಲೆ ನಂಗಿನ್ನೂ ಅಷ್ಟು ನಂಬಿಕೆ ಬಂದಿಲ್ಲ ಎಂದಳು.

ಇಟ್ಟಿಗೆ ಗೂಡಿನವನು ಲಾರಿಗೆ ಒರಗಿ ನಿಂತಿದ್ದ. ಅವಳ ಮುಖ ನೋಡಿದ ಕೂಡಲೇ ಆಗದ ಕೆಲಸ ಎಂದು ತಿಳಿದುಕೊಂಡ.

"ಏನಮ್ಮ, ನಿಮ್ಮ ವಾರಗಿತ್ತಿ ದಾರಿ ಬಿಡಲ್ಲ ಅಂದ್ರಾ?"

ಎಷ್ಟು ಸುಲಭವಾಗಿತ್ತು. ಹೂಂ ಎಂದರೆ ಸಾಕು. ಕೊಟ್ಟ ಮಾತು ತಪ್ಪಿದ ಹೆಸರು ತನಗಿಲ್ಲ, ಕೆಟ್ಟ ಹೆಸರು ಪೂರ್ತಿ ಅವಳಿಗೆ, ಊರೆಲ್ಲ ಅದನ್ನೇ ಆಡಿಕೊಳ್ಳುತ್ತದೆ. ಇಷ್ಟು ವರ್ಷ ಇಂಥದ್ದೊಂದು ಅವಕಾಶಕ್ಕಾಗಿ ತಾನೇ ಅವಳು ತಾರಸಿ ಹತ್ತಿ ಇಳಿದದ್ದು. ಹೂಂ ಎಂಬುದು ನಾಲಿಗೆಯ ತುದಿಯವರೆಗೂ ಬಂದಿತ್ತು. ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಕಿಟಕಿಯಲ್ಲಿ ಕಿರಿಯವಳು ನಿಂತಿದ್ದಳು.

"ಅವಳು ಬಿಡ್ತೀನಿ ಅಂದ್ಲು," ಎಂದಳು ಹಿರಿಯವಳು. "ನಾನೇ ಬೇಡ ಅಂದೆ."